ಹೋಗದ ಊರಿನ ದಾರಿ: ಐದನೇ ತರಗತಿಯ ವಿದೇಶ ಪ್ರವಾಸ

ಬೇರೆ ದೇಶದ ಬಗ್ಗೆ ಪ್ರಾಜೆಕ್ಟ್ ಅಂದ ಕೂಡಲೇ ನಮ್ಮ ಕಡೆ ಶಾಲೆಗಳಲ್ಲಿ ಆಗುವುದು ಇಷ್ಟೇ: ಒಂದು ಡ್ರಾಯಿಂಗ್ ಶೀಟ್, ನಡುವೆ ಧ್ವಜ, ಕೆಳಗೆ ರಾಜಧಾನಿ, ನಾಣ್ಯ, ರಾಷ್ಟ್ರಪಕ್ಷಿ. ಝೆರಾಕ್ಸ್ ಅಂಗಡಿಯಿಂದ ತಂದ ಪ್ರಿಂಟ್ ಕತ್ತರಿಸಿ ಅಂಟಿಸಿದರೆ ಕೆಲಸ ಮುಗಿಯಿತು. ಅದರಲ್ಲಿ ಮಗು ಏನನ್ನೂ ಹುಡುಕಿರುವುದಿಲ್ಲ, ಯಾವುದನ್ನೂ ತೂಗಿ ನೋಡಿರುವುದಿಲ್ಲ. ಅದೇ ಮಗುವಿಗೆ "ನಾಲ್ಕು ಜನರ ಕುಟುಂಬವನ್ನು ಐದು ದಿನ ಶ್ರೀಲಂಕಾಕ್ಕೆ ಕಳಿಸಬೇಕು, ವ್ಯವಸ್ಥೆ ಮಾಡು" ಎಂದು ಹೇಳಿ ನೋಡಿ. ಯಾವ ತಿಂಗಳು ಎಂಬುದು ಗೊತ್ತಾಗದೆ ಬಟ್ಟೆ ಗೊತ್ತಾಗುವುದಿಲ್ಲ, ಊರು ಗೊತ್ತಾಗದೆ ಖರ್ಚು ಗೊತ್ತಾಗುವುದಿಲ್ಲ. ಹೋಗದ ಊರಿನ ದಾರಿ ಕೇಳಬಾರದು ಅಂತಾರೆ. ತರಗತಿಯಲ್ಲಿ ಮಾತ್ರ ಕೇಳಿಸಬೇಕು, ಯಾಕೆಂದರೆ ಹುಡುಕುವುದಕ್ಕೆ ಅಲ್ಲಿ ಒಂದು ಕಾರಣ ಇರುತ್ತದೆ.

ಕಾಗದದ ಮೇಲೆ ಪ್ರವಾಸ ಯೋಜಿಸುವ ಈ ಚಟುವಟಿಕೆ ಐದರಿಂದ ಏಳನೇ ತರಗತಿಗೆ ಒಗ್ಗುತ್ತದೆ. 40 ನಿಮಿಷದ ಏಳೆಂಟು ಪೀರಿಯಡ್ ಬೇಕು, ವಾರಕ್ಕೆ ಎರಡು ಸಾಕು. ನಡುವೆ ಬಿಡುವಿದ್ದರೆ ಮಕ್ಕಳು ಗ್ರಂಥಾಲಯಕ್ಕೆ, ಗೊತ್ತಿದ್ದವರ ಮನೆಗೆ ಹೋಗಿ ಬರುತ್ತಾರೆ. ಗುಂಪಿಗೆ ನಾಲ್ಕೇ ಮಕ್ಕಳು. ಐದಾರು ಜನ ಆದರೆ ಇಬ್ಬರು ಬರೀ ಬಣ್ಣ ತುಂಬುತ್ತ ಕೂರುತ್ತಾರೆ.

ದೇಶವನ್ನು ಮಕ್ಕಳ ಇಷ್ಟಕ್ಕೆ ಬಿಟ್ಟರೆ ಅರ್ಧ ತರಗತಿ ಅಮೆರಿಕ, ಉಳಿದರ್ಧ ದುಬೈ. ನೇಪಾಳ, ಭೂತಾನ್, ಶ್ರೀಲಂಕಾ, ಸಿಂಗಾಪುರ, ಜಪಾನ್, ಈ ಐದರಲ್ಲಿ ಒಂದನ್ನು ಚೀಟಿ ಎತ್ತಿಸಿ ಕೊಡುವುದು ವಾಸಿ. ನಾಲ್ಕನೇ ತರಗತಿಯವರೂ ಸೇರಿಕೊಂಡರೆ ಅವರಿಗೆ ನೇಪಾಳ. ಅಲ್ಲಿಗೆ ಭಾರತೀಯರಿಗೆ ವೀಸಾ ಬೇಡ. ದುಡ್ಡಿನ ಲೆಕ್ಕವೂ ನೆಟ್ಟಗಿದೆ: 100 ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ, 1993ರಿಂದ ಇದೇ ದರ. ಶ್ರೀಲಂಕಾ ನಮ್ಮ ರಾಯಚೂರು, ಕೊಪ್ಪಳ ಭಾಗದವರಿಗೆ ಇನ್ನೊಂದು ಕಾರಣಕ್ಕೆ ಹತ್ತಿರ. 1915ರಲ್ಲಿ ಪತ್ತೆಯಾದ ಮಸ್ಕಿಯ ಶಾಸನದಲ್ಲಿ ಅಶೋಕನ ಹೆಸರೇ ಇದೆ, ಕೊಪ್ಪಳದ ಗವಿಮಠದ ಬೆಟ್ಟದಲ್ಲೂ ಅವನ ಶಾಸನವಿದೆ. ಅವನ ಮಗಳು ಸಂಘಮಿತ್ರೆ ಒಯ್ದ ಬೋಧಿವೃಕ್ಷದ ಸಸಿಯೇ ಶ್ರೀಲಂಕಾದ ಅನುರಾಧಪುರದಲ್ಲಿ ಮರವಾಗಿ ನಿಂತಿದೆ ಎಂಬುದು ಬೌದ್ಧ ಪರಂಪರೆಯ ನಂಬಿಕೆ. ಮಸ್ಕಿಯ ಬಂಡೆ ನೋಡಿ ಬಂದ ಮಗುವಿಗೆ ಅನುರಾಧಪುರ ಬರೀ ಹೆಸರಾಗಿ ಉಳಿಯುವುದಿಲ್ಲ.

ದೇಶ ಸಿಕ್ಕ ಮೇಲೆ ಕಟ್ಟುಪಾಡು ಹಾಕಬೇಕು. ಇದನ್ನು ಬಿಟ್ಟರೆ ಇಡೀ ಚಟುವಟಿಕೆ ಮತ್ತೆ ಚಾರ್ಟ್ ಆಗಿಬಿಡುತ್ತದೆ. ಐದು ದಿನ, ದಸರಾ ರಜೆ, ನಾಲ್ಕು ಜನ. ನಾಲ್ವರಲ್ಲಿ ಒಬ್ಬರು ಮಂಡಿನೋವಿನ ಅಜ್ಜಿ. ಈ ಅಜ್ಜಿಯಿಂದಲೇ ಅರ್ಧ ಸಂಶೋಧನೆ ಹುಟ್ಟುತ್ತದೆ. ಶ್ರೀಲಂಕಾದ ಸಿಗಿರಿಯಾ ಬಂಡೆಯ ಚಿತ್ರ ನೋಡಿದ ಗುಂಪು ಅದನ್ನು ಪಟ್ಟಿಗೆ ಸೇರಿಸಿಯೇ ಸೇರಿಸುತ್ತದೆ. "ಎಷ್ಟು ಮೆಟ್ಟಿಲು?" ಎಂದು ಕೇಳಿ. ಹುಡುಕಿದರೆ ಸುಮಾರು 1,200 ಎಂದು ಸಿಗುತ್ತದೆ. ನಮ್ಮ ಅಂಜನಾದ್ರಿ ಬೆಟ್ಟಕ್ಕೆ ಇರುವುದು 575, ಅದನ್ನೇ ಹತ್ತಲಾರದೆ ಕೆಳಗೆ ಕೂತ ಅಜ್ಜಿಯಂದಿರು ಎಲ್ಲ ಮನೆಯಲ್ಲೂ ಇದ್ದಾರೆ. ಸಿಗಿರಿಯಾ ಬಿಡಬೇಕೋ, ಅಜ್ಜಿಯನ್ನು ಕೆಳಗಿನ ಉದ್ಯಾನದಲ್ಲಿ ಕೂರಿಸಬೇಕೋ, ಗುಂಪಿನಲ್ಲಿ ಜಗಳ ಶುರುವಾಗುತ್ತದೆ. ಆಗಲಿ ಬಿಡಿ. ನಡುವೆ ಹೋಗಬೇಡಿ.

ಎರಡನೇ ಪೀರಿಯಡ್ ಪೂರ್ತಿ ಪ್ರಶ್ನೆಗಳಿಗೆ. ಪುಸ್ತಕ, ಫೋನ್ ಎರಡೂ ಮುಚ್ಚಿರಲಿ. ಮಕ್ಕಳು ಮೊದಲು ಬರೆಯುವುದು "ಶ್ರೀಲಂಕಾ ಹೇಗಿದೆ?", "ಹವಾಮಾನ ಹೇಗಿದೆ?" ಎಂದು. ಇವುಗಳಿಗೆ ಉತ್ತರ ಹುಡುಕಿದರೆ ಮೂರು ಪುಟ ನಕಲು ಸಿಗುತ್ತದೆ, ಅಷ್ಟೇ. ಪ್ರಶ್ನೆಯಲ್ಲಿ ಊರು, ತಿಂಗಳು, ಯಾರು, ಎಷ್ಟು, ಇವುಗಳಲ್ಲಿ ಕನಿಷ್ಠ ಎರಡು ಇರಬೇಕು ಎಂಬ ನಿಯಮ ಹಾಕಿ. ಆಗ ಅದು "ಅಕ್ಟೋಬರ್‌ನಲ್ಲಿ ಕ್ಯಾಂಡಿಯಲ್ಲಿ ಮಳೆ ಬರುತ್ತದೆಯೇ?" ಎಂದಾಗುತ್ತದೆ. ಉತ್ತರ ಹೌದು, ಜೋರಾಗಿಯೇ ಬರುತ್ತದೆ. ಶ್ರೀಲಂಕಾದ ನೈರುತ್ಯ ಭಾಗಕ್ಕೆ ಮೇನಿಂದ ಸೆಪ್ಟೆಂಬರ್‌ವರೆಗೆ ಒಂದು ಮಳೆಗಾಲ, ಉತ್ತರ ಮತ್ತು ಪೂರ್ವಕ್ಕೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇನ್ನೊಂದು, ನಡುವಿನ ಅಕ್ಟೋಬರ್, ನವೆಂಬರ್‌ನಲ್ಲೂ ಗುಡುಗು ಮಳೆ. ಮಳೆಗಾಗಿ ಮುಗಿಲು ನೋಡುವ ರಾಯಚೂರಿನ ಮಕ್ಕಳಿಗೆ ಒಂದೇ ದ್ವೀಪಕ್ಕೆ ಎರಡು ಮಳೆಗಾಲ ಎಂಬುದೇ ದೊಡ್ಡ ಸುದ್ದಿ. ಗುಂಪಿಗೆ ಇಂಥ ಹನ್ನೆರಡು ಪ್ರಶ್ನೆ ಸಾಕು, ತಲೆಗೆ ಮೂರು.

ಉತ್ತರ ಬರೆಯಲು ನೋಟ್‌ಬುಕ್ ಬೇಡ, ಚೀಟಿ ಬೇಕು. ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿದರೆ ನಾಲ್ಕು ಚೀಟಿ. ಒಂದು ಚೀಟಿಗೆ ಒಂದೇ ಪ್ರಶ್ನೆ. ಅದರ ಕೆಳಗೆ ಎರಡು ಸಾಲಿಗೆ ಮೀರದ ಉತ್ತರ, ಎಲ್ಲಿ ಸಿಕ್ಕಿತು, ಯಾವ ದಿನ ನೋಡಿದ್ದು. ಪುಸ್ತಕವಾದರೆ ಹೆಸರು ಮತ್ತು ಪುಟ, ಜಾಲತಾಣವಾದರೆ ಅದರ ಹೆಸರು, ಮನುಷ್ಯರಾದರೆ "ಹಜ್‌ಗೆ ಹೋಗಿಬಂದ ಪಕ್ಕದ ಮನೆಯ ಅಜ್ಜ" ಎಂದಷ್ಟೇ ಬರೆದರೂ ನಡೆದೀತು. "ಗೂಗಲ್‌ನ್ಯಾಗ ಐತ್ರಿ ಸರ" ಎಂಬ ಉತ್ತರ ಮಾತ್ರ ನಡೆಯಬಾರದು. ಗೂಗಲ್ ದಾರಿ ತೋರಿಸುತ್ತದೆ, ಮಾಹಿತಿ ಇರುವುದು ಅದು ತೋರಿಸಿದ ಪುಟದಲ್ಲಿ. ಹುಡುಕಿದ ಕೂಡಲೇ ಮೇಲೆ ಬರುವ ಎಐ ಸಾರಾಂಶಕ್ಕೂ ಇದೇ ನಿಯಮ: ಕೆಳಗಿನ ಕೊಂಡಿ ತೆರೆದು ಓದದೆ ಚೀಟಿ ಬರೆಯುವಂತಿಲ್ಲ.

ನಕಲು ತಪ್ಪಿಸಲು ಒಂದೇ ಉಪಾಯ: ಓದು, ಮುಚ್ಚು, ಬರೆ. ಚೀಟಿಯಲ್ಲಿ "ಪ್ರಾಕೃತಿಕ ಸೌಂದರ್ಯದಿಂದ ಕಂಗೊಳಿಸುವ" ಎಂಬ ಸಾಲು ಕಂಡರೆ ಬೈಯಬೇಡಿ, "ಕಂಗೊಳಿಸುವ ಅಂದ್ರೇನು?" ಎಂದು ಕೇಳಿ. ಎರಡು ಸಲ ಕೇಳಿದರೆ ಸಾಕು, ಮೂರನೆಯ ಚೀಟಿ ಅವರದೇ ಮಾತಿನಲ್ಲಿ ಬರುತ್ತದೆ.

ಆಕರಗಳಿಗೆ ಬರಗಾಲವೇನಿಲ್ಲ. ಶಾಲೆಯ ಅಟ್ಲಾಸ್, ಪಂಚಾಯಿತಿಯ ಅರಿವು ಕೇಂದ್ರ (ಗ್ರಂಥಾಲಯ), ಕನ್ನಡ ವಿಕಿಪೀಡಿಯ, ಹಜ್ ಅಥವಾ ಗಲ್ಫ್ ಕೆಲಸಕ್ಕೆ ಹೋಗಿಬಂದ ಊರಿನವರು. ಕೊನೆಯವರು ಬೇರೆ ದೇಶಕ್ಕೆ ಹೋದವರಾದರೂ ಪಾಸ್‌ಪೋರ್ಟ್, ಲಗೇಜ್ ತೂಕ, ವಿಮಾನ ನಿಲ್ದಾಣದ ಸಾಲು ಇವನ್ನೆಲ್ಲ ಅವರಷ್ಟು ಚೆನ್ನಾಗಿ ಯಾವ ಪುಸ್ತಕವೂ ಹೇಳುವುದಿಲ್ಲ. ಐದು ಪ್ರಶ್ನೆ ಬರೆದುಕೊಂಡು ಹೋಗಿ ಕೇಳಲಿ. ತರಗತಿಗೆ ಒಂದೇ ಫೋನ್ ಇದ್ದರೆ ಗುಂಪಿಗೆ ಹತ್ತು ನಿಮಿಷ. ಹುಡುಕುವ ಪದಗಳನ್ನು ಮೊದಲೇ ಕಾಗದದ ಮೇಲೆ ಬರೆದು ತಂದವರಿಗೇ ಫೋನ್ ಕೈಗೆ. ಇಲ್ಲದಿದ್ದರೆ ಎಂಟು ನಿಮಿಷ ಕಾಗುಣಿತಕ್ಕೇ ಹೋಗುತ್ತದೆ.

ಎರಡು ಆಕರ ಬೇರೆ ಬೇರೆ ಹೇಳಿದಾಗಲೇ ಪಾಠಕ್ಕೆ ಕಳೆ ಬರುವುದು. ಶ್ರೀಲಂಕಾದ ರಾಜಧಾನಿ ಕೊಲಂಬೊ ಎಂದು ಒಬ್ಬನ ಚೀಟಿ, ಶ್ರೀ ಜಯವರ್ಧನಪುರ ಕೋಟೆ ಎಂದು ಇನ್ನೊಬ್ಬಳದು. ಇಬ್ಬರಲ್ಲಿ ಯಾರು ಸರಿ ಎಂದು ಹೇಳಿಬಿಟ್ಟರೆ ಕಲಿಕೆ ಅಲ್ಲಿಗೇ ನಿಂತಿತು. ಮೂರನೆಯ ಆಕರ ಹುಡುಕಿಸಿ. ಸಂಸತ್ತು 1982ರಲ್ಲಿ ಕೋಟೆಗೆ ಹೋಯಿತು, ವ್ಯಾಪಾರದ ದೊಡ್ಡ ನಗರ ಕೊಲಂಬೊವಾಗಿಯೇ ಉಳಿಯಿತು ಎಂಬುದು ಆಗ ಸಿಗುತ್ತದೆ.

ದೂರ ಅಳೆಯುವುದಕ್ಕೆ ಅಟ್ಲಾಸ್ ಮೇಲೆ ದಾರ ಇಟ್ಟು, ರಸ್ತೆಯ ತಿರುವಿನಂತೆ ಬಾಗಿಸಿ, ಆಮೇಲೆ ನಕ್ಷೆಯ ಮಾನದ ಗೆರೆಗೆ (ಸ್ಕೇಲ್) ಹಿಡಿಯಬೇಕು. ಕೊಲಂಬೊದಿಂದ ಕ್ಯಾಂಡಿ ಸುಮಾರು 115 ಕಿ.ಮೀ., ಹೆಚ್ಚುಕಡಿಮೆ ಕೊಪ್ಪಳದಿಂದ ಹುಬ್ಬಳ್ಳಿಗೆ ಇರುವಷ್ಟೇ. ಆದರೆ ದೂರದ ಲೆಕ್ಕ ಹಿಡಿದು ಹೊತ್ತಿನ ಲೆಕ್ಕ ಹಾಕಿದರೆ ಎಡವುತ್ತಾರೆ. ಕ್ಯಾಂಡಿಯಿಂದ ಎಲ್ಲಾ ಎಂಬ ಊರಿಗೆ ಹೋಗುವ ಬೆಟ್ಟದ ರೈಲಿಗೆ ಮಾಮೂಲಿ ದಿನಗಳಲ್ಲೇ ಆರೇಳು ಗಂಟೆ ಹಿಡಿಯುತ್ತದೆ. ನಕ್ಷೆಯಲ್ಲಿ ಗೇಣುದ್ದವೂ ಇಲ್ಲವೆಂದು ಒಂದೇ ದಿನಕ್ಕೆ ನಾಲ್ಕು ಊರು ತುರುಕಿದ ಗುಂಪಿಗೆ "ಊಟ ಯಾವಾಗ?" ಎಂದು ಕೇಳಿದರೆ ಸಾಕು.

ಗಡಿಯಾರದ ಲೆಕ್ಕಕ್ಕೆ ಸಿಂಗಾಪುರ ಒಳ್ಳೆಯದು. ಬೆಂಗಳೂರಿನಿಂದ ರಾತ್ರಿ 11ಕ್ಕೆ ಹೊರಟು ಬೆಳಿಗ್ಗೆ 6ಕ್ಕೆ ಇಳಿದರೆ ಪ್ರಯಾಣ ಏಳು ಗಂಟೆ ಎಂದೇ ಎಲ್ಲರೂ ಬರೆಯುತ್ತಾರೆ. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ, ಹಾಗಾಗಿ ನಾಲ್ಕೂವರೆಯೇ ಸರಿ. ನೇಪಾಳದ್ದು ನಮಗಿಂತ ಬರೀ 15 ನಿಮಿಷ ಮುಂದೆ, ಜಪಾನಿನದು ಮೂರೂವರೆ ಗಂಟೆ. ವಿಮಾನ ಎಲ್ಲಿಂದ ಎಂಬುದನ್ನೂ ನಾವೇ ಹೇಳಿಬಿಡಬಾರದು. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ ಎಂಬುದನ್ನು ನಕ್ಷೆಯಿಂದ ಅವರೇ ಕಂಡುಹಿಡಿಯಲಿ.

ಹೆಚ್ಚು ತಪ್ಪಾಗುವುದು ದುಡ್ಡಿನಲ್ಲಿ. ಶ್ರೀಲಂಕಾದಲ್ಲೂ ರೂಪಾಯಿ, ನೇಪಾಳದಲ್ಲೂ ರೂಪಾಯಿ. ಊಟಕ್ಕೆ 1,000 ಎಂದು ಕಂಡು ನಮ್ಮ ರೂಪಾಯಿ ಎಂದೇ ಹಿಡಿದು ಬಜೆಟ್ ಹರಿದುಹೋಗುತ್ತದೆ. ಮೊತ್ತದ ಮುಂದೆ ಯಾವ ದೇಶದ್ದು ಎಂದು ಬರೆಯದಿದ್ದರೆ ಲೆಕ್ಕ ನೋಡುವುದಿಲ್ಲ ಎಂದುಬಿಡಿ. ಒಂದು ದಿನದ ವಿನಿಮಯ ದರವನ್ನು ಹಲಗೆಯ ಮೇಲೆ ಬರೆದು ಎಲ್ಲರೂ ಅದನ್ನೇ ಹಿಡಿಯಬೇಕು. ದಿನಕ್ಕೊಂದು ದರ ಹಿಡಿದರೆ ತಾಳೆ ನೋಡಲಾಗದು. ಟಿಕೆಟ್ ನಾಲ್ಕರಿಂದ ಗುಣಿಸಬೇಕು, ರೂಮಿನ ಬಾಡಿಗೆ ಹಾಗಲ್ಲ. ಪಾಸ್‌ಪೋರ್ಟ್ ಶುಲ್ಕ, ಊರಿನಿಂದ ವಿಮಾನ ನಿಲ್ದಾಣಕ್ಕೆ ಬಸ್ ಚಾರ್ಜ್, ಇವೆರಡನ್ನೂ ಎಲ್ಲ ಗುಂಪೂ ಮರೆಯುತ್ತದೆ.

ವೀಸಾ ವಿಷಯ ಹುಡುಕಿದರೆ ಮೊದಲು ಬರುವುದು ಏಜೆಂಟರ ಜಾಹೀರಾತು, ಸರ್ಕಾರದ್ದೇ ಎನ್ನಿಸುವ ಹೆಸರಿನಲ್ಲಿ. ಜಾಲತಾಣದ ವಿಳಾಸದ ಬಾಲ ನೋಡುವುದನ್ನು ಇಲ್ಲಿ ಕಲಿಸಬೇಕು: ಶ್ರೀಲಂಕಾ ಸರ್ಕಾರದ್ದಾದರೆ "ಜಿಒವಿ ಡಾಟ್ ಎಲ್‌ಕೆ" (gov.lk) ಎಂದು ಮುಗಿಯುತ್ತದೆ.

ಕೊನೆಯ ಪೀರಿಯಡ್‌ನಲ್ಲಿ ಗುಂಪಿಗೆ ಐದು ನಿಮಿಷ. ಕೇಳುವವರು ಕೇಳಬೇಕಾದದ್ದು ಒಂದೇ: "ಎಲ್ಲಿ ಸಿಕ್ತು?" ತಕ್ಷಣ ಚೀಟಿ ತೆಗೆದು ತೋರಿಸಬೇಕು. 25 ಅಂಕದಲ್ಲಿ ಪ್ರಶ್ನೆಗಳಿಗೆ 5, ಚೀಟಿಗಳಿಗೆ 10, ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿದ್ದಕ್ಕೆ ಕೊಟ್ಟ ಕಾರಣಕ್ಕೆ 7, ಲೆಕ್ಕಕ್ಕೆ 3. ಅಲಂಕಾರಕ್ಕೆ ಸೊನ್ನೆ, ಇದನ್ನು ಮೊದಲ ದಿನವೇ ಪೋಷಕರಿಗೂ ತಿಳಿಸಿ. ಚೀಟಿಗಳನ್ನು ಎಸೆಯಬೇಡಿ, ರಬ್ಬರ್ ಬ್ಯಾಂಡ್ ಹಾಕಿ ಬೀರುವಿನಲ್ಲಿಡಿ. ಮುಂದಿನ ವರ್ಷದವರ ಮೊದಲ ಕೆಲಸ ಅವುಗಳಲ್ಲಿ ಈಗ ಯಾವುದು ಹಳತಾಗಿದೆ ಎಂದು ಹುಡುಕುವುದು. ವೀಸಾ ಮತ್ತು ವಿನಿಮಯ ದರದ ಚೀಟಿಗಳಿಂದ ಶುರುಮಾಡಿಸಿ.