ಮಾವನ ವರದಿಯಲ್ಲಿದ್ದ ‘ಗ್ರೇಡ್ 1’

ಬ್ರಹ್ಮಾವರದಿಂದ ಸೋದರಮಾವ ಫೋನು ಮಾಡಿ, ತಮ್ಮ ಬಯಾಪ್ಸಿ ವರದಿಯನ್ನು ಅಕ್ಷರ ಅಕ್ಷರ ಕೂಡಿಸಿ ಓದಿದರು: ‘ವೆಲ್ ಡಿಫರೆನ್ಶಿಯೇಟೆಡ್ ಸ್ಕ್ವಾಮಸ್ ಸೆಲ್ ಕಾರ್ಸಿನೋಮ, ಗ್ರೇಡ್ 1’. “ಕ್ಯಾನ್ಸರ್ ಅಂತ ಎಲ್ಲಿಯೂ ಬರೆದಿಲ್ಲ ಮಾರಾಯ, ವೆಲ್ ಅಂತಲೇ ಉಂಟು. ಇದ್ದರೂ ಫಸ್ಟ್ ಸ್ಟೇಜ್ ಅಲ್ವಾ?” ಎಂದರು. ಮಂಗಳೂರಿನ ಪೆಥಾಲಜಿ ಲ್ಯಾಬೊಂದರಲ್ಲಿ ಅಂಗಾಂಶ ಕತ್ತರಿಸಿ ಸ್ಲೈಡ್ ಮಾಡುವುದೇ ನನ್ನ ಕೆಲಸವಾದ್ದರಿಂದ, ಒಂದೇ ಸಾಲಿನಲ್ಲಿ ಅವರು ಮೂರು ಕಡೆ ಎಡವಿದ್ದು ತಕ್ಷಣ ತಿಳಿಯಿತು. ಅದನ್ನು ಹೇಗೆ ಹೇಳುವುದೆಂದು ಮಾತ್ರ ತಿಳಿಯಲಿಲ್ಲ.

ಮಾವನ ಬಲ ಹೆಗಲಿನ ಮೇಲೆ ಹಲಸಿನ ಬೀಜದಷ್ಟು ದೊಡ್ಡ ಗಂಟೊಂದು ಇಪ್ಪತ್ತು ವರ್ಷಗಳಿಂದ ಇದೆ. ಒತ್ತಿದರೆ ಬೆರಳಿನಡಿ ಜಾರುತ್ತದೆ, ನೋಯುವುದಿಲ್ಲ. ಅದು ಲಿಪೋಮ, ಅಂದರೆ ಕೊಬ್ಬಿನ ಜೀವಕೋಶಗಳು ಒಂದೆಡೆ ಹೆಚ್ಚಾಗಿ ಬೆಳೆದು ಆದ ಗಡ್ಡೆ. ಇಷ್ಟು ವರ್ಷ ಅವರು ಹೆದರುತ್ತಿದ್ದುದು ಅದಕ್ಕೆ. ಎಲೆಯಡಿಕೆ ಒತ್ತಿಟ್ಟುಕೊಳ್ಳುವ ಕೆನ್ನೆಯ ಒಳಗೆ ಎದ್ದ ಬಿಳಿ ಮಚ್ಚೆಗಾಗಲಿ, ಅದರ ನಡುವೆ ತಿಂಗಳುಗಟ್ಟಲೆ ಮಾಯದೆ ಉಳಿದ ಹುಣ್ಣಿಗಾಗಲಿ ಹೆದರಲಿಲ್ಲ, ಏಕೆಂದರೆ ಅಲ್ಲಿ ಗಡ್ಡೆ ಇರಲಿಲ್ಲ. ಆದರೆ ಗಡ್ಡೆಗಳೆಲ್ಲವೂ ಕ್ಯಾನ್ಸರ್ ಅಲ್ಲ. ರಕ್ತದ ಕ್ಯಾನ್ಸರಿನಂತೆ ಗಡ್ಡೆಯೇ ಕಾಣದ ಕ್ಯಾನ್ಸರುಗಳೂ ಇವೆ. ಜೀವಕೋಶ ವಿಭಜನೆಗೆ ಲಗಾಮು ಹಾಕುವ ಜೀನ್‌ಗಳಲ್ಲಿ ದೋಷಗಳು ವರ್ಷಗಟ್ಟಲೆ ಒಂದರ ಮೇಲೊಂದು ಕೂಡಿಕೊಂಡು, ಆ ಜೀವಕೋಶಗಳು ತಮ್ಮ ತಳಪೊರೆಯನ್ನು ದಾಟಿ ಪಕ್ಕದ ಅಂಗಾಂಶದೊಳಗೆ ನುಗ್ಗುವ, ರಕ್ತ ಅಥವಾ ದುಗ್ಧರಸದ (ಲಿಂಫ್) ಮೂಲಕ ಬೇರೆಡೆ ನೆಲೆಯೂರುವ ಶಕ್ತಿ ಪಡೆದಾಗ ಅದು ಕ್ಯಾನ್ಸರ್ ಆಗುತ್ತದೆ. ಹಾಗೆಂದು ಸೌಮ್ಯ, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆಗಳೆಲ್ಲ ನಿರಪಾಯಕಾರಿಯೂ ಅಲ್ಲ: ತಲೆಬುರುಡೆಯೊಳಗೆ ಬೆಳೆದರೆ ಅಂಥದ್ದೂ ಮೆದುಳನ್ನು ಒತ್ತಿ ಜೀವಕ್ಕೆ ಎರವಾಗಬಹುದು.

ಕಾರ್ಸಿನೋಮ ಎಂದರೆ ಚರ್ಮ, ಬಾಯಿ, ಕರುಳುಗಳ ಹೊದಿಕೆಯ ಮತ್ತು ಗ್ರಂಥಿಗಳ ಜೀವಕೋಶಗಳಲ್ಲಿ ಹುಟ್ಟಿದ ಕ್ಯಾನ್ಸರ್. ಸ್ಕ್ವಾಮಸ್ ಎಂದರೆ ಅಂಥ ಹೊದಿಕೆಯ ಚಪ್ಪಟೆ ಜೀವಕೋಶ. ಮೂಳೆ, ಸ್ನಾಯು, ಕೊಬ್ಬಿನಂಥವುಗಳಲ್ಲಿ ಹುಟ್ಟಿದರೆ ಅದು ಸಾರ್ಕೋಮ. ಲಿಪೋಮ ಸೌಮ್ಯವಾದರೂ ‘ಓಮ’ ಎಂಬ ಅದೇ ಬಾಲವನ್ನು ಹೊತ್ತ ಮೆಲನೋಮ, ಲಿಂಫೋಮಗಳು ಕ್ಯಾನ್ಸರುಗಳೇ. ಹೆಸರಿಟ್ಟವರು ನಮ್ಮ ಅನುಕೂಲ ನೋಡಿಲ್ಲ.

ಗ್ರೇಡ್ ನಿರ್ಧಾರವಾಗುವುದು ನಮ್ಮ ಮೇಜಿನ ಮೇಲೆ. ಫಾರ್ಮಲಿನ್‌ನಲ್ಲಿ ಬಂದ ಅಂಗಾಂಶದ ಚೂರನ್ನು ಮೇಣದಲ್ಲಿ ಹುದುಗಿಸಿ, ಮೈಕ್ರೋಟೋಮಿನಲ್ಲಿ ಸುಮಾರು 4 ಮೈಕ್ರಾನ್ ತೆಳ್ಳಗೆ ಕತ್ತರಿಸಿ, ಆ ಪಟ್ಟಿಯನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಸಿ ಗಾಜಿಗೆ ಎತ್ತಿಕೊಳ್ಳುತ್ತೇವೆ. ಬಣ್ಣ ಹಾಕಿದ ಮೇಲೆ ಕೋಶಕೇಂದ್ರಗಳು ನೀಲಿಯಾಗಿ, ಉಳಿದದ್ದು ಗುಲಾಬಿಯಾಗಿ ಕಾಣುತ್ತದೆ. ಮಾವನಿಗೆ ಬಂದಂಥ ಕ್ಯಾನ್ಸರಿನಲ್ಲಿ ನೀಲಿ ಗುಂಪುಗಳ ನಡುವೆ ಅಲ್ಲಲ್ಲಿ, ಅಡ್ಡಕ್ಕೆ ಕೊಯ್ದ ನೀರುಳ್ಳಿಯಂತೆ ಸುತ್ತು ಸುತ್ತಾದ ಗುಲಾಬಿ ಬಿಲ್ಲೆಗಳಿರುತ್ತವೆ. ಅದು ಕೆರಾಟಿನ್, ಚರ್ಮದಂಥ ಹೊದಿಕೆಯ ಜೀವಕೋಶಗಳು ತಯಾರಿಸುವ ಗಟ್ಟಿ ಪ್ರೋಟೀನು. ಹಾದಿ ತಪ್ಪಿದ ಜೀವಕೋಶಗಳು ಕೂಡ ತಮ್ಮ ಹಳೆಯ ಕಸುಬನ್ನು ಇನ್ನೂ ಮರೆತಿಲ್ಲ ಎಂಬುದಕ್ಕೆ ಇದು ಗುರುತು. ‘ವೆಲ್ ಡಿಫರೆನ್ಶಿಯೇಟೆಡ್’ ಎಂಬುದರ ಅರ್ಥ ಇಷ್ಟೇ. ಮೂಲ ರೂಪ ಕಳೆದುಹೋದಷ್ಟೂ ಗ್ರೇಡ್ ಏರುತ್ತದೆ.

“ಚೆನ್ನಾಗಿದೆ ಎಂದಲ್ಲ ಮಾವ, ಕೋಶದ ಗುರುತು ಸಿಗುತ್ತದೆ ಎಂದು ಅಷ್ಟೇ,” ಎಂದೆ. ಸ್ಟೇಜ್ ಎನ್ನುವುದು ಅದು ಎಷ್ಟು ಬೆಳೆದಿದೆ, ಎಲ್ಲಿಯವರೆಗೆ ಹೋಗಿದೆ ಎಂಬ ಲೆಕ್ಕ. ಅಷ್ಟು ಸಣ್ಣ ಚೂರನ್ನು ನೋಡಿ ಅದನ್ನು ಹೇಳಲಾಗದು.

ಶಸ್ತ್ರಚಿಕಿತ್ಸೆಯ ನಂತರದ ವರದಿಯಲ್ಲಿ ಹುಣ್ಣಿನ ಅಳತೆ 2 ಸೆಂಟಿಮೀಟರಿಗಿಂತ ಕಡಿಮೆಯಿತ್ತು. ಆದರೆ ಅದೇ ಬದಿಯ ಕತ್ತಿನಿಂದ ತೆಗೆದ ದುಗ್ಧಗ್ರಂಥಿಗಳ ಪೈಕಿ ಒಂದರಲ್ಲಿ, 8 ಮಿಲಿಮೀಟರಿನ ಸಣ್ಣದೊಂದರಲ್ಲಿ, ಅದೇ ನೀರುಳ್ಳಿ ಸುತ್ತುಗಳು ಸಿಕ್ಕಿದ್ದವು. ಹಾಗೆ ಸಿಕ್ಕಿತೆಂದು ಅದು ಕತ್ತಿನ ಕ್ಯಾನ್ಸರ್ ಆಗುವುದಿಲ್ಲ. ಬಾಯಿಯ ಕ್ಯಾನ್ಸರೇ ಕತ್ತಿಗೆ ಇಳಿದದ್ದು. ಆ ಒಂದು ಗ್ರಂಥಿಯಿಂದ ಮಾವನದು ಗ್ರೇಡ್ 1, ಸ್ಟೇಜ್ 3 ಆಯಿತು.

ಮಾವನದು ಅಡಿಕೆ ತೋಟದ ಮನೆ. ತಂಬಾಕು ಬೆರೆಸದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಮೊದಲನೆಯ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿಗೆ, ಸೇರಿಸಿದೆ ಎಂದಾಗ ಅವರಿಗೆ ಸಿಟ್ಟು ಬಂತು. ಆ ಗುಂಪಿನ ಸಂಖ್ಯೆ ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಹೇಳುತ್ತದೆಯೇ ಹೊರತು ತಿಂದವರಲ್ಲಿ ಎಷ್ಟು ಮಂದಿಗೆ ರೋಗ ಬರುತ್ತದೆ ಎಂಬುದನ್ನಲ್ಲ ಎಂದು ವಿವರಿಸಿದೆ. ಒಪ್ಪಿದರೋ ಇಲ್ಲವೋ, ಎಲೆಯಡಿಕೆಯ ಹರಿವಾಣ ಈಗ ಚಾವಡಿಯಲ್ಲಿಲ್ಲ.

ಆಪರೇಷನ್ನಿನ ಹಿಂದಿನ ದಿನ, ಹೇಗೂ ಕೊಯ್ಯುವಾಗ ಹೆಗಲಿನ ಗಂಟನ್ನೂ ತೆಗೆದುಬಿಡಿ ಎಂದು ಅವರು ಸರ್ಜನ್ನರಲ್ಲಿ ಕೇಳಿಕೊಂಡಿದ್ದರಂತೆ. ಸರ್ಜನ್ ಒಮ್ಮೆ ಒತ್ತಿ ನೋಡಿ, ಬೇಡ ಎಂದರು.