17 ಮೈಕ್ರಾನ್

ಸೆಪ್ಟೆಂಬರ್ 15, 2024, ರವಿವಾರ
ಹುಬ್ಬಳ್ಳಿ, ರಾತ್ರಿ 9.40

ಓಣಿಯ ಗಣಪತಿ ಮಂಡಳಿಯವರು ಇವತ್ತು ಯಾಕೋ ಸ್ಪೀಕರ್ ಸಣ್ಣಗೆ ಇಟ್ಟಿದ್ದಾರೆ. ಮತ್ತೆ ಜೋರು ಮಾಡೋದ್ರೊಳಗೆ ಬರೆದು ಮುಗಿಸಬೇಕು.

ಇವತ್ತು ವಿಶ್ವೇಶ್ವರಯ್ಯನವರು ಹುಟ್ಟಿದ ದಿನ, ಇಂಜಿನಿಯರ್ಸ್ ಡೇ. ರವಿವಾರ ಬಂತು ಅಂತ ನಮ್ಮ ಕಾರ್ಖಾನೆಯಲ್ಲಿ ನಿನ್ನೆಯೇ ಮುಗಿಸಿದರು. ಫೋಟೋಕ್ಕೆ ಹಾರ, ಒಂದು ಕಾಯಿ, ತಲೆಗೊಂದು ಪೇಡೆ. ಮ್ಯಾನೇಜರ್ ಸಾಹೇಬರು ನಮ್ಮ ಆರು ಮಂದಿ ಅಪ್ರೆಂಟಿಸ್‌ಗಳನ್ನು ಮುಂದೆ ಕರೆದು ನಿಲ್ಲಿಸಿ "ಇವರೇ ನಾಳಿನ ಇಂಜಿನಿಯರುಗಳು" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾರ್ಯಕ್ರಮ ಮುಗಿದ ಮೇಲೆ ನಾಳಿನ ಇಂಜಿನಿಯರುಗಳೇ ಕುರ್ಚಿ ಎತ್ತಿ ಒಳಗಿಟ್ಟೆವು.

ಇದನ್ನು ನಗುತ್ತಲೇ ಬರೆಯುತ್ತಿದ್ದೇನೆ. ಮಂಗಳವಾರ ಮಾತ್ರ ನಗು ಬಂದಿರಲಿಲ್ಲ.

ಹೊಸದಾಗಿ ಓದುವವರಿಗೆ ಮೊದಲು ಒಂದೆರಡು ಮಾತು. ನಾನು ಮೆಕ್ಯಾನಿಕಲ್ ಡಿಪ್ಲೊಮಾ. ಊರು ಅಣ್ಣಿಗೇರಿ. ಗೋಕುಲ ರಸ್ತೆಯ ಕಡೆ ಒಂದು ಮಶೀನ್ ಶಾಪಿನಲ್ಲಿ ಒಂದು ವರ್ಷದ ಅಪ್ರೆಂಟಿಸ್. ಹೆಸರು ಬೇಡ, ಇನ್ನೂ ನಾಲ್ಕು ತಿಂಗಳು ಅಲ್ಲೇ ಇರಬೇಕು. ತಿಂಗಳಿಗೆ 8000 ರೂಪಾಯಿ ಸ್ಟೈಪೆಂಡ್. ಈಗ 2024ರಲ್ಲಿ ಡಿಪ್ಲೊಮಾದವರಿಗೆ ಕನಿಷ್ಠ ಇಷ್ಟು ಕೊಡಲೇಬೇಕು ಅಂತ ನಿಯಮ ಇದೆ, ಡಿಗ್ರಿಯವರಿಗೆ 9000. ನಮ್ಮ 8000ದಲ್ಲಿ ಅರ್ಧ ಕೇಂದ್ರ ಸರ್ಕಾರದ ಪಾಲು. ವರ್ಷ ಮುಗಿದರೆ ಚೆನ್ನೈನ ಅಪ್ರೆಂಟಿಸ್‌ಶಿಪ್ ಬೋರ್ಡಿನಿಂದ ಸರ್ಟಿಫಿಕೇಟ್ ಬರುತ್ತದೆ. ರೂಮಿಗೆ ನನ್ನ ಪಾಲು 1500, ಖಾನಾವಳಿಗೆ ಸುಮಾರು 3000. ಉಳಿದದ್ದು ಎಲ್ಲಿ ಹೋಗುತ್ತದೋ ಗೊತ್ತಾಗೋದೇ ಇಲ್ಲ. ಯುವನಿಧಿಯ 1500 ಸಿಗೋದಿಲ್ವಾ ಅಂತ ಅವ್ವ ಪ್ರತಿ ಸಲ ಕೇಳುತ್ತಾಳೆ. ಅಪ್ರೆಂಟಿಸ್ ಹಣ ಬರುವವರಿಗೆ ಅದು ಇಲ್ಲ ಅಂತ ನಾನೂ ಪ್ರತಿ ಸಲ ಹೇಳುತ್ತೇನೆ. "ನೌಕರಿನೂ ಅಲ್ಲ, ಖಾಲಿನೂ ಅಲ್ಲ, ಏನಪಾ ಇದು" ಅನ್ನುತ್ತಾಳೆ.

ಅವ್ವನ ಪ್ರಶ್ನೆಗೆ ಕಾಯ್ದೆಯಲ್ಲಿ ಉತ್ತರ ಇದೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ನಾವು ತರಬೇತಿಗೆ ಬಂದವರು, ಕಾರ್ಮಿಕರಲ್ಲ. ಅದಕ್ಕೇ ನಮಗೆ ಓಟಿ ಇಲ್ಲ. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತಾನೂ ಇಲ್ಲ. ಇದನ್ನು ನಮ್ಮ ಶಾಪಿನಲ್ಲಿ ಎಲ್ಲರೂ ಬಾಯಿಪಾಠ ಮಾಡಿದ್ದಾರೆ. ಪಗಾರದ ದಿನ ನಾವು ವಿದ್ಯಾರ್ಥಿಗಳು. ಟಾರ್ಗೆಟ್ ಬರೆಯುವ ಬೋರ್ಡಿನ ಮುಂದೆ ಮಾತ್ರ ಪೂರಾ ಆಪರೇಟರುಗಳು.

ಮೊದಲ ಮೂರು ತಿಂಗಳು ನಾನು ಬರೀ ಬರ್ ತೆಗೆದೆ. ಜಾಬ್, ಅಂದರೆ ಮಶೀನಿಗೆ ಹಾಕಿದ ಲೋಹದ ತುಂಡು, ಕಟ್ ಆದಾಗ ಅಂಚಿಗೆ ಚೂಪಾದ ಎಳೆ ಉಳಿಯುತ್ತಲ್ಲ, ಅದನ್ನು ಅರದಿಂದ ಉಜ್ಜುವುದು, ಎಣ್ಣೆ ಸವರಿ ಎಣಿಸಿ ಬಾಕ್ಸಿಗೆ ತುಂಬುವುದು. ಮೂರು ವರ್ಷ ಓದಿದ್ದು ಇದಕ್ಕಾ ಅನ್ನಿಸುತ್ತಿತ್ತು. ನಾಲ್ಕನೇ ತಿಂಗಳಲ್ಲಿ ಕಾಕಾನ ಕೈಗೆ ಸಿಕ್ಕೆ. ಆಮೇಲೆ ಎಲ್ಲ ಬದಲಾಯಿತು.

ಕಾಕಾ ಅಂದರೆ ನಮ್ಮ ಹಳೆಯ ಟರ್ನರ್, ಲೋಹವನ್ನು ತಿರುಗಿಸಿ ಕೆತ್ತುವ ಲೇತ್ ಮಶೀನ್ ಓಡಿಸುವವರು. ಏಳನೇ ಇಯತ್ತೆಗೆ ಶಾಲೆ ಬಿಟ್ಟವರು. ಮೊದಲ ದಿನವೇ ಮೂಲೆಯ ಹಳೇ ಎಚ್‌ಎಂಟಿ ಲೇತ್ ಹತ್ತಿರ ನಿಲ್ಲಿಸಿ "ಇದನ್ನ ಎರಡು ಸೂತ್ ಇಳಸು" ಅಂದರು. ನಾನು ಮಿಕಿಮಿಕಿ ನೋಡಿದೆ. ಮಿಲಿಮೀಟರ್ ಗೊತ್ತು, ಅದರ ಸಾವಿರದಲ್ಲೊಂದು ಭಾಗವಾದ ಮೈಕ್ರಾನ್ ಗೊತ್ತು. ಸೂತ್ ಯಾವ ಸಿಲೆಬಸ್ಸಿನಲ್ಲಿತ್ತು? ಇಂಚಿನಲ್ಲಿ ಎಂಟನೇ ಒಂದು ಭಾಗ ಒಂದು ಸೂತ್, ಅಂದರೆ 3 ಮಿಲಿಮೀಟರಿಗಿಂತ ಚೂರು ಜಾಸ್ತಿ. ಮೀಟರ್ ಲೆಕ್ಕ ಬಂದು ಎಷ್ಟು ಕಾಲ ಆಯಿತು, ಸೂತ್ ಮಾತ್ರ ಹೋಗಿಲ್ಲ.

ಚಿಪ್ಸ್, ಅಂದರೆ ಕಟ್ ಆಗಿ ಉದುರುವ ಲೋಹದ ಸುರುಳಿ, ಅದರ ಬಣ್ಣ ನೋಡೋದನ್ನೂ ಅವರೇ ಕಲಿಸಿದರು. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್ ಹಾಕಿದಾಗ ಚಿಪ್ಸ್ ನೀಲಿ ಬಂದರೆ ತಕ್ಷಣ ನಿಲ್ಲಿಸಬೇಕು, ಟೂಲಿನ ತುದಿ ಸುಡುತ್ತಿದೆ ಅಂತ ಅರ್ಥ. ಅದೇ ಬಿಸಿ ತಡೆಯುವ ಕಾರ್ಬೈಡ್ ತುದಿ (ಇನ್ಸರ್ಟ್) ಆದರೆ ನೀಲಿ ಬಂದರೂ ಹೆದರಬೇಕಿಲ್ಲ, ಬಿಸಿ ಚಿಪ್ಸ್ ಜೊತೆ ಹೊರಗೆ ಹೋಗುತ್ತಿದೆ. ಇನ್ನು ಚಕ್ ಕೀ, ಅಂದರೆ ಜಾಬ್ ಹಿಡಿಯುವ ಚಕ್ ಬಿಗಿ ಮಾಡುವ ಕೀಲಿ, ಅದರ ವಿಷಯದಲ್ಲಿ ಅವರು ಮಾತೇ ಆಡುವುದಿಲ್ಲ. ಕೀಯನ್ನು ಚಕ್‌ನಲ್ಲೇ ಬಿಟ್ಟು ಕೈ ತೆಗೆದರೆ ಮುಗಿಯಿತು, ಆ ದಿನವೆಲ್ಲ ಬರ್ ತೆಗೆಯೋಕೆ ಕಳಿಸುತ್ತಾರೆ. ಮರೆತು ಲೇತ್ ಚಾಲೂ ಮಾಡಿದರೆ ಆ ಕೀ ಹಾರಿ ಯಾರ ಎದೆಗೆ ಬಡಿಯುತ್ತದೋ ದೇವರೇ ಬಲ್ಲ. ನನ್ನನ್ನು ಎರಡು ಸಲ ಕಳಿಸಿದ್ದಾರೆ.

ಈಗ ಮಂಗಳವಾರಕ್ಕೆ ಬರುತ್ತೇನೆ.

ಕಾಕಾ ಐದು ದಿನದ ಗಣಪತಿಗೆ ಊರಿಗೆ ಹೋಗಿದ್ದರು. ಗಣಪತಿ ಕಳಿಸಿ ಗುರುವಾರ ಬರುವವರು. ಸಿಎನ್‌ಸಿ (ಕಂಪ್ಯೂಟರ್ ಓಡಿಸುವ ಲೇತ್) ಮೇಲೆ ನಾನೊಬ್ಬನೇ. ಶಾಫ್ಟ್ ಬ್ಯಾಚ್ ನಡೆದಿತ್ತು. ಬೇರಿಂಗ್ ಕೂರುವ ಜಾಗ 50 ಮಿಮೀ, ಡ್ರಾಯಿಂಗಿನಲ್ಲಿ ಕೆ6 ಅನ್ನೋ ಅಳತೆಯ ಮಿತಿ. ಅಂದರೆ 50.002ರಿಂದ 50.018ರ ಒಳಗೆ ಬರಬೇಕು. ಆಟ ಆಡೋಕೆ ಇರೋದು 16 ಮೈಕ್ರಾನ್ ಮಾತ್ರ. ಬೆಳಿಗ್ಗೆ ಹತ್ತಕ್ಕೆ ಜಾಬ್ ತಣ್ಣಗಿಡುವ ಕೂಲಂಟ್ ಪಂಪ್ ಕೈಕೊಟ್ಟಿತು. ಸೂಪರ್‌ವೈಸರಿಗೆ ಹೇಳಿದೆ. "ಸಂಜಿಗೆ ಮಾಲ್ ಹೋಗಬೇಕು, ಡ್ರೈ ಓಡಸು, ಫೀಡ್ ಕಡಿಮಿ ಮಾಡ್ಕೋ" ಅಂದು ಹೋದರು.

ಓಡಿಸಿದೆ. ಪ್ರತಿ ಶಾಫ್ಟ್ ಹೊರಗೆ ಬಂದ ಕೂಡಲೇ ಬಟ್ಟೆಯಿಂದ ಒರೆಸಿ ಮೈಕ್ರೋಮೀಟರ್ ಹಿಡಿದೆ. 50.010. ಮುಂದಿನದು 50.011. ಮತ್ತೆ 50.010. ಶೀಟಿನಲ್ಲಿ ಅಚ್ಚುಕಟ್ಟಾಗಿ ಬರೆದೆ. ಆಫ್‌ಸೆಟ್ (ಅಳತೆ ತಿದ್ದುವ ಸೆಟ್ಟಿಂಗ್) ಮುಟ್ಟುವ ಪ್ರಸಂಗವೇ ಬರಲಿಲ್ಲ. ಸರಿಯಾಗಿ ಮಧ್ಯಕ್ಕೆ ಬರುತ್ತಿದೆ ಅಂತ ಒಳಗೊಳಗೇ ಖುಷಿ. ಶಾಫ್ಟ್ ಬಿಸಿ ಇತ್ತು, ಎರಡು ಕೈಗವಸು ಹಾಕಿ ಹಿಡಿಯುತ್ತಿದ್ದೆ. ಅಷ್ಟು ಗೊತ್ತಾಗಿಯೂ ಏನೂ ಹೊಳೆಯಲಿಲ್ಲ ನೋಡಿ.

ಊಟ ಮುಗಿಸಿ ಬಂದರೆ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಟೇಬಲ್ ಹತ್ತಿರ ನಾಲ್ಕು ಜನ ನಿಂತಿದ್ದರು. ನನ್ನ ಶಾಫ್ಟುಗಳೇ. 49.993. 49.994. 49.993. ಒಟ್ಟು ಹನ್ನೊಂದು, ಹನ್ನೊಂದೂ ಕಡಿಮೆ. ದಪ್ಪ ಉಳಿದಿದ್ದರೆ ಇನ್ನೊಂದು ಕಟ್ ಹಾಕಬಹುದಿತ್ತು. ಸಣ್ಣಗಾದದ್ದಕ್ಕೆ ಲೋಹ ಎಲ್ಲಿಂದ ತರೋದು? ಬೇರಿಂಗ್ ಅಲ್ಲಿ ಸಡಿಲ ಕೂತರೆ ಶಾಫ್ಟ್ ಮೇಲೆಯೇ ಸುತ್ತಿ ಸುತ್ತಿ ಸವೆಯುತ್ತದೆ.

ರಿಜೆಕ್ಷನ್ ಫಾರ್ಮ್ ತಂದು ನನ್ನ ಮುಂದಿಟ್ಟರು. ಅದರಲ್ಲಿ "ಆಪರೇಟರ್ ಹೆಸರು" ಅಂತ ಒಂದು ಕಾಲಂ. ಎಂಟು ತಿಂಗಳಲ್ಲಿ ಆ ಶಾಪಿನಲ್ಲಿ ನನ್ನನ್ನು ಆಪರೇಟರ್ ಅಂತ ಕಾಗದದ ಮೇಲೆ ಒಪ್ಪಿಕೊಂಡದ್ದು ಅದೇ ಮೊದಲು. ಸಹಿ ಹಾಕಿದೆ. ಸ್ಟೈಪೆಂಡಿನಲ್ಲಿ ಹಿಡಿಯಬೇಕಾಗುತ್ತದೆ ಅಂತಾನೂ ಒಂದು ಮಾತು ಬಂತು. ಅವತ್ತು ರಾತ್ರಿ ಖಾನಾವಳಿಗೆ ಹೋಗಲಿಲ್ಲ. ರೂಮಿನವನು ರೊಟ್ಟಿ ಕಟ್ಟಿಸಿಕೊಂಡು ಬಂದ.

ಗುರುವಾರ ಕಾಕಾ ಬಂದರು. ನಾನು ಬಾಯಿ ಬಿಡುವ ಮೊದಲೇ ಅವರಿಗೆ ಎಲ್ಲ ಗೊತ್ತಿತ್ತು. ಬೈಯಲಿಲ್ಲ. ಬೈದಿದ್ದರೇ ಆರಾಮ ಆಗುತ್ತಿತ್ತೇನೋ. ರಿಜೆಕ್ಟ್ ಬಿನ್‌ನಿಂದ ಒಂದು ಶಾಫ್ಟ್ ತೆಗೆದು ನನ್ನ ಕೈಗೆ ಕೊಟ್ಟು "ಅಳಿ" ಅಂದರು. 49.993. "ಇದನ್ನ ನಾ ಈಗ ಪಾಸ್ ಮಾಡ್ತೀನಿ ನೋಡು" ಅಂದರು. ಹೊರಗಿನ ಚಾ ಅಂಗಡಿಯಿಂದ ಒಂದು ಡಬ್ಬಿ ಕುದಿ ನೀರು ತರಿಸಿ ಬೇರಿಂಗ್ ಕಡೆಯ ತುದಿಯನ್ನು ಅದರಲ್ಲಿ ನಿಲ್ಲಿಸಿದರು. ಅದು ಕಾಯುವ ತನಕ ಇಬ್ಬರೂ ಚಾ ಕುಡಿದೆವು. ಊರಿನ ಗಣಪತಿ, ಮಳೆ, ಹೆಸರುಕಾಳಿನ ರೇಟು, ಎಲ್ಲ ಮಾತಾಡಿದರು. ಶಾಫ್ಟಿನ ಸುದ್ದಿ ಒಂದು ಅಕ್ಷರ ಇಲ್ಲ.

ಆಮೇಲೆ ಎತ್ತಿ, ಒರೆಸಿ, "ಈಗ ಅಳಿ."

50.009.

"ಇದಾ ನಿನ್ನ ಮಂಗಳವಾರದ ಶಾಫ್ಟ್" ಅಂದರು. ಎರಡು ನಿಮಿಷ ಬಿಟ್ಟು ಮತ್ತೆ ಅಳೆಸಿದರು. 50.006. ಇನ್ನೊಂದಿಷ್ಟು ಹೊತ್ತು ಬಿಟ್ಟು 50.001. ನನ್ನ ಕಣ್ಣೆದುರೇ ಉಕ್ಕು ಸಣ್ಣಗಾಗುತ್ತಿತ್ತು. ಕಣ್ಣಿಗೆ ಕಾಣೋದಿಲ್ಲ, ಮೈಕ್ರೋಮೀಟರಿಗೆ ಮಾತ್ರ ಕಾಣುತ್ತದೆ.

ನನಗೆ ನಾಚಿಕೆ ಆದದ್ದು ಆಗ. ಬಿಸಿಗೆ ಲೋಹ ಹಿಗ್ಗುತ್ತದೆ ಅನ್ನೋದು ನನಗೆ ಹೊಸದಲ್ಲ. ಡಿಪ್ಲೊಮಾ ಮೊದಲ ವರ್ಷದ ಫಿಸಿಕ್ಸ್‌ನಲ್ಲಿ ಸೂತ್ರ ಬರೆದು ಪೂರ್ತಿ ಮಾರ್ಕ್ಸ್ ತೆಗೆದಿದ್ದೆ. ಅಲ್ಲೇ ನಿಂತು ಚೀಟಿಯ ಮೇಲೆ ಲೆಕ್ಕ ಹಾಕಿದೆ. ಉಕ್ಕು ಒಂದು ಡಿಗ್ರಿಗೆ ಒಂದು ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ನನ್ನ ಶಾಫ್ಟ್ 50 ಮಿಮೀ. ಶಾಪಿಗಿಂತ ಅದು 30 ಡಿಗ್ರಿ ಜಾಸ್ತಿ ಬಿಸಿ ಅಂತ ಹಿಡಿದರೆ 17 ಮೈಕ್ರಾನ್. 50.010ರಲ್ಲಿ 17 ಮೈಕ್ರಾನ್ ಕಳೆದರೆ 49.993. ಕ್ಯೂಸಿಯವರು ಬರೆದ ಅಂಕಿಯೇ, ಚೂರೂ ಆಚೀಚೆ ಇಲ್ಲ. ಡ್ರಾಯಿಂಗಿನ ಅಳತೆ ಎಲ್ಲ 20 ಡಿಗ್ರಿಗೆ ಅಂತ ಪುಸ್ತಕದಲ್ಲಿ ಓದಿದ್ದೆ. ಅದು ಪುಸ್ತಕದಲ್ಲೇ ಉಳಿದಿತ್ತು.

ಚೀಟಿಯನ್ನು ಕಾಕಾ ತಿರುಗಿಸಿ ತಿರುಗಿಸಿ ನೋಡಿದರು. "ಹಿಂಗ ಲೆಕ್ಕನೂ ಐತೇನು?" ಅಂದರು. ಅವರಿಗೆ ಕೈಯಲ್ಲಿ ಗೊತ್ತಿದ್ದದ್ದು ನನಗೆ ಕಾಗದದಲ್ಲಿ ಗೊತ್ತಿತ್ತು, ಅಷ್ಟೇ. ಮಂಗಳವಾರ ಎರಡೂ ಒಂದೇ ಕಡೆ ಇರಲಿಲ್ಲ.

ಆಮೇಲೆ ಸೂಪರ್‌ವೈಸರ್ ಕೋಣೆಗೆ ಹೋದರು. ಬಾಗಿಲು ಹಾಕಿರಲಿಲ್ಲ, ಪ್ರೆಸ್ ಸದ್ದಿನ ನಡುವೆಯೂ ಕೇಳಿತು. "ಕಲಿಯಾಕ ಬಂದ ಹುಡುಗರೀ. ಅವನ್ನ ಒಬ್ಬನ್ನ ಮಶೀನ್ ಮ್ಯಾಲೆ ಬಿಟ್ಟವರ ಹೆಸರಿಗೆ ಫಾರ್ಮಿನ್ಯಾಗ ಕಾಲಂ ಎಲ್ಲೈತಿ?" ಸ್ಟೈಪೆಂಡ್ ಹಿಡಿಯುವ ಮಾತು ಆಮೇಲೆ ಬಂದಿಲ್ಲ. ಪಂಪ್ ಮಾತ್ರ ಶುಕ್ರವಾರ ರಿಪೇರಿ ಆಯಿತು.

ಇವತ್ತು ಸಂಜೆ ದುರ್ಗದ ಬೈಲಿನಲ್ಲಿ ಗಿರಮಿಟ್ ತಿನ್ನುತ್ತಾ ಐಟಿಐ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಅವನು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಅಪ್ರೆಂಟಿಸ್. ಹತ್ತನೇ ಇಯತ್ತೆ ಮತ್ತು ಐಟಿಐ ಮಾರ್ಕ್ಸ್ ಮೇಲೆ ಸೀಟು ಸಿಕ್ಕಿದ್ದು. ರೈಲ್ವೆಯ ಲೆವೆಲ್-1 ಭರ್ತಿಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ 20 ಪರ್ಸೆಂಟ್ ಮೀಸಲು ಇದೆ. ಆ ಒಂದು ಆಸೆ ಅವನನ್ನು ನಡೆಸುತ್ತಿದೆ. ನಮಗೆ ಹಾಗೆ ಏನೂ ಇಲ್ಲ. ಎಲ್ಲ ಕೇಳಿ ಅವನು ಅಂದದ್ದು ಒಂದೇ ಮಾತು, "ಹನ್ನೊಂದಕ್ಕ ನಿಂತಲ್ಲಲೇ, ಪುಣ್ಯ."

ಗದಗ ಕಡೆ ಗಾಳಿಯಂತ್ರದಲ್ಲಿ ಅಪ್ರೆಂಟಿಸ್ ಇರುವ ನಮ್ಮ ಕ್ಲಾಸಿನವಳೂ ಫೋನ್ ಮಾಡಿದ್ದಳು. ಟವರ್ ಒಳಗಿನ ಏಣಿಯನ್ನು ಮೊದಲ ಸಲ ತುದಿಯ ತನಕ ಹತ್ತಿದಳಂತೆ. ಬೆಲ್ಟು, ಹುಕ್ಕು ಎಲ್ಲ ಇದ್ದರೂ ಅರ್ಧಕ್ಕೇ ತೊಡೆ ನಡುಗಿದವಂತೆ. ಮೇಲಿನಿಂದ ಕಪ್ಪತಗುಡ್ಡ ಕಂಡಿತು ಅಂದಳು. ನನಗೆ ಮೇಲಿನಿಂದ ಏನೂ ಕಂಡಿಲ್ಲ, ಡಬ್ಬಿಯೊಳಗೆ ಒಂದು ಶಾಫ್ಟ್ ಕಂಡಿತು ಅಂದೆ. ಅವಳಿಗೆ ಅರ್ಥ ಆಗಲಿಲ್ಲ. ಲಿಂಕ್ ಕಳಿಸುತ್ತೇನೆ, ಓದಲಿ.

ನಿನ್ನೆ ಕುರ್ಚಿ ಎತ್ತಿಟ್ಟು ಬರುವಾಗ ಕಾಕಾ ಬಾಗಿಲ ಹತ್ತಿರ ಹಿಡಿದರು. ಕಾರ್ಯಕ್ರಮದಲ್ಲಿ ಅವರು ಕಾಯಿ ಒಡೆದು ಹಿಂದೆ ಹೋಗಿ ನಿಂತಿದ್ದರು, ಯಾರೂ ಮುಂದೆ ಕರೆಯಲಿಲ್ಲ. "ಆ ಲೆಕ್ಕ ಒಂದ್ ದೊಡ್ಡ ಹಾಳಿ ಮ್ಯಾಲೆ ಬರಕೊಂಡ್ ಬಾ" ಅಂದರು. "50ಕ್ಕ ಒಂದಕ್ಕ ಬ್ಯಾಡ. 30, 40, 60, 80, ಎಲ್ಲಾ ಸೈಜಿಗೂ ಹಾಕು. ಕನ್ನಡದಾಗ ಬರಿ. ಮಶೀನಿಗೆ ಹಚ್ಚೂಣು."

ಈಗ ಅದೇ ಕೆಲಸ ನಡೆದಿದೆ. 10 ಡಿಗ್ರಿ ಬಿಸಿಗೆ 30 ಮಿಮೀ ಶಾಫ್ಟ್ ಮೂರೂವರೆ ಮೈಕ್ರಾನ್ ಹಿಗ್ಗುತ್ತದೆ. 40 ಮಿಮೀಗೆ 4.6. 60ಕ್ಕೆ 6.9. 80ಕ್ಕೆ 9.2. ಸ್ಕೆಚ್ ಪೆನ್ನಿನಲ್ಲಿ ಕೆಂಪು ಗೆರೆ ಹಾಕಿದ್ದೇನೆ. "ಟೆಂಪರೇಚರ್ ಡಿಫರೆನ್ಸ್" ಅನ್ನೋದನ್ನು ಏನಂತ ಬರೆಯೋದು ಅಂತ ಅರ್ಧ ಗಂಟೆ ಯೋಚಿಸಿದೆ. ಕೊನೆಗೆ "ಜಾಬ್ ಎಷ್ಟು ಬಿಸಿ" ಅಂತ ಬರೆದೆ. ರೂಮಿನವನು ಲೈಟ್ ಆರಿಸು ಅಂತ ಎರಡು ಸಲ ಅಂದ. ಇನ್ನು 80ರ ಸಾಲನ್ನು ಹಾಳೆಗೆ ಇಳಿಸೋದೊಂದೇ ಉಳಿದಿದೆ.