ಟ್ಯಾಂಕ್ ತುಂಬಿದೆ, ನಲ್ಲಿಯಲ್ಲಿ ನೀರಿಲ್ಲ

ಶನಿವಾರ

ಬೆಂಗಳೂರು, ಬೋರ್‌ವೆಲ್ ನೀರು. ಸಿಂಕ್ ಕೆಳಗೆ ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಕೂರಿಸಿ ಮೂರು ವರ್ಷವಾಯಿತು. ಎರಡು ವಾರದಿಂದ ನಲ್ಲಿ ತಿರುಗಿಸಿದರೆ ಒಂದು ಲೋಟ ಜೋರಾಗಿ ಬರುತ್ತದೆ, ಆಮೇಲೆ ನೂಲಿನಂತೆ ಸಣ್ಣಗೆ. ಜೊತೆಗೆ ರಾತ್ರಿ ಯಾರೂ ನೀರು ಮುಟ್ಟದಿದ್ದರೂ ಆರ್‌ಒ ಪಂಪ್ ಆಗಾಗ ಗುರ್ ಅಂದು ನಿಲ್ಲುತ್ತದೆ. "ಇದಕ್ಕೆ ನಿದ್ದೆನೇ ಬರಲ್ವಾ?" ಅಂತ ಅಮ್ಮ. ವೇಸ್ಟ್ ನೀರಿನ ಪೈಪಿಗೆ ಅವರು ಇಟ್ಟ ಬಕೆಟ್ ಬೆಳಿಗ್ಗೆ ತುಂಬಿ ಹರಿದಿರುತ್ತದೆ.

ಸರ್ವಿಸ್‌ನವರು ಬಂದರು. ಏನೂ ಬಿಚ್ಚದೆಯೇ ಮೆಂಬ್ರೇನ್ (ಲವಣ ತಡೆದು ನೀರು ಸೋಸುವ ಪೊರೆ) ಹೋಗಿದೆ, ಪಂಪೂ ಬದಲಿಸಿಬಿಡಿ, ಐದು ಸಾವಿರದ ಮೇಲಾಗುತ್ತೆ ಅಂದರು. ನೋಡದೆ ಹೇಗೆ ಗೊತ್ತಾಯ್ತು ಅಂತ ಕೇಳಬೇಕಿತ್ತು. ಕಾಫಿ ಕೊಟ್ಟು ಕಳಿಸಿದೆ.

ಭಾನುವಾರ

ಮೊದಲು ಮೆಂಬ್ರೇನ್ ವಿಚಾರಣೆ. ನೀರಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ಟಿಡಿಎಸ್ ಮೀಟರ್ ಅದ್ದಿದೆ. ಒಳಗೆ ಹೋಗುವ ನೀರು 940, ಹೊರಗೆ ಬರುವುದು 62. ನೂರಕ್ಕೆ 93ರಷ್ಟು ತಡೆಯುತ್ತಿದೆ. ಆಮೇಲೆ ಶುದ್ಧ ನೀರು ಕೂಡಿಡುವ ಆರ್‌ಒ ಟ್ಯಾಂಕಿನ ವಾಲ್ವ್ ಮುಚ್ಚಿ, ನಲ್ಲಿ ಬಿಟ್ಟು, ನಿಮಿಷಕ್ಕೆ ಎಷ್ಟು ಬರುತ್ತದೆಂದು ಅಳೆದೆ: 150 ಮಿ.ಲೀ. ನಮ್ಮದು 75 ಗ್ಯಾಲನ್ ಮೆಂಬ್ರೇನ್. ಅಂದರೆ ದಿನಕ್ಕೆ 284 ಲೀಟರ್, ನಿಮಿಷಕ್ಕೆ 197 ಮಿ.ಲೀ. ಅದು ಹೊಸದರ ಲೆಕ್ಕ. ಮೂರು ವರ್ಷ ಗಡಸು ನೀರು ಕುಡಿದದ್ದಕ್ಕೆ 150 ಮೋಸವಿಲ್ಲ. ಮೆಂಬ್ರೇನ್, ಪಂಪ್ ಇಬ್ಬರೂ ನಿರಪರಾಧಿಗಳು.

ಟ್ಯಾಂಕ್ ಎತ್ತಿ ನೋಡಿದೆ. ಕಲ್ಲಿನಂತೆ ಭಾರ! ನೀರಿದೆ, ಬರುತ್ತಿಲ್ಲ, ಅಷ್ಟೇ. ಇದರೊಳಗೆ ಒಂದು ರಬ್ಬರ್ ಚೀಲ ಇರುತ್ತದೆ. ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ. ನೀರನ್ನು ನಲ್ಲಿಗೆ ತಳ್ಳುವುದು ಆ ಗಾಳಿಯೇ. ಗಾಳಿ ಇಳಿದರೆ ತಳ್ಳೋರು ಯಾರೂ ಇಲ್ಲ. ಪಕ್ಕದಲ್ಲಿ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಕಾರಿನ ಟೈರಿಗೆ ಇರುವಂಥದ್ದೇ ವಾಲ್ವ್. ಅದರ ಪಿನ್ ಒತ್ತಿದಾಗ ನೀರು ಬಂದಿದ್ದರೆ ಚೀಲ ಹರಿದಿದೆ, ಟ್ಯಾಂಕೇ ಹೊಸದು ತರಬೇಕು ಅಂತ. ನೀರು ಬರಲಿಲ್ಲ.

ಇಲ್ಲೊಂದು ಪೆದ್ದುತನ ಮಾಡಿದೆ. ಟ್ಯಾಂಕ್ ತುಂಬಿರುವಾಗಲೇ ಗಾಳಿ ಅಳೆದು, ಬೇಕಾದಷ್ಟಿದೆಯಲ್ಲ ಅಂದುಕೊಂಡೆ. ಅದು ನೀರಿನ ಒತ್ತಡ! ಪೂರ್ತಿ ಖಾಲಿ ಮಾಡಿಯೇ ಅಳೆಯಬೇಕು. ಖಾಲಿ ಮಾಡಿದ ಮೇಲೆ ಮುಳ್ಳು ಅಲ್ಲಾಡಲೇ ಇಲ್ಲ. ಸೈಕಲ್ ಪಂಪಿನಲ್ಲಿ 7 ಪಿಎಸ್‌ಐ ತುಂಬಿದೆ. ಕಾರಿನ ಟೈರಿಗೆ 30ರ ಮೇಲೆ ಬೇಕಲ್ಲ, ಇದಕ್ಕೆ ಮೆಲ್ಲಗೆ ಒತ್ತಿದರೆ ಸಾಕು.

ಸಂಜೆ ನಲ್ಲಿಯಲ್ಲಿ ಒಂದೇ ಧಾರೆಗೆ ತಂಬಿಗೆ ತುಂಬಿತು. ರಾತ್ರಿ ಎರಡಕ್ಕೆ ಮತ್ತೆ ಗುರ್.

ಸೋಮವಾರ

ಆಫೀಸಿಗೆ ಹೊರಡುವ ಮುಂಚೆ ಒಳಬರುವ ನೀರು ಬಂದ್ ಮಾಡಿದೆ. ಟ್ಯಾಂಕಿನ ವಾಲ್ವ್ ತೆರೆದೇ ಇತ್ತು. ವೇಸ್ಟ್ ಪೈಪ್ ಕೆಲವೇ ನಿಮಿಷದಲ್ಲಿ ನಿಲ್ಲಬೇಕು. ಅರ್ಧ ಗಂಟೆಯಾದರೂ ತೊಟ್ಟಿಕ್ಕುತ್ತಲೇ ಇತ್ತು. ಅಂದರೆ ಟ್ಯಾಂಕಿನ ಶುದ್ಧ ನೀರು ಹಿಂದಕ್ಕೆ ಮೆಂಬ್ರೇನ್ ದಾಟಿ ಚರಂಡಿ ಸೇರುತ್ತಿದೆ. ಒತ್ತಡ ಇಳಿದಾಗೆಲ್ಲ ಸ್ವಿಚ್ ಪಂಪನ್ನು ಎಬ್ಬಿಸುತ್ತದೆ. ಪಾಪ, ಅದರ ತಪ್ಪೇನು?

ಕಳ್ಳ ಚೆಕ್ ವಾಲ್ವ್, ನೀರನ್ನು ಒಂದೇ ದಿಕ್ಕಿಗೆ ಬಿಟ್ಟು ಹಿಂದಕ್ಕೆ ತಡೆಯಬೇಕಾದ್ದು. ಮೆಂಬ್ರೇನ್ ಡಬ್ಬಿಯ ಬಾಯಲ್ಲಿರುವ ಎಲ್ಬೋ (ಮೊಣಕೈಯಂತೆ ಬಾಗಿದ ಜೋಡಣೆ) ಒಳಗೆ ಕೂತಿರುತ್ತದೆ. ಬಿಚ್ಚಿದರೆ ರಬ್ಬರಿಗೆ ಬಿಳಿ ಸುಣ್ಣದ ಚೂರು ಅಂಟಿತ್ತು. ಸಂಜೆ ಅಂಗಡಿಯಿಂದ ನೂರು ರೂಪಾಯಿಯೊಳಗೆ ಹೊಸದು ತಂದು, ಟೆಫ್ಲಾನ್ ಟೇಪ್ ಸುತ್ತಿ ಹಾಕಿದೆ.

ಗುರುವಾರ

ಮೂರು ರಾತ್ರಿ ಸದ್ದಿಲ್ಲ. ಬಕೆಟ್ ಅರ್ಧಕ್ಕಿಂತ ಮೇಲೆ ಏರುತ್ತಿಲ್ಲ. ನೆಲ ಒರೆಸಲು ನೀರು ಸಾಲುತ್ತಿಲ್ಲ ಅಂತ ಈಗ ಅಮ್ಮನ ಹೊಸ ದೂರು.